ಒಂದು ಹಿಡಿ ಕಡಲೆಕಾಯಿ ಬೀಜದ ಲೆಕ್ಕ

ಕಾರ್ತಿಕ ಮುಗಿಯುತ್ತ ಬಂತೆಂದರೆ ನಮ್ಮ ಎನ್.ಆರ್. ಕಾಲೋನಿಯವರಿಗೆ ಬುಲ್ ಟೆಂಪಲ್ ರಸ್ತೆ ರಸ್ತೆಯಾಗಿ ಉಳಿಯುವುದಿಲ್ಲ. ಕೊನೆಯ ಸೋಮವಾರದ ಹೊತ್ತಿಗೆ ದೊಡ್ಡ ಬಸವಣ್ಣನ ಗುಡಿಯ ಆಸುಪಾಸೆಲ್ಲ ಕಡಲೆಕಾಯಿ ರಾಶಿ. ಹಸಿಯದು, ಒಣಗಿದ್ದು, ಹುರಿದದ್ದು, ಬೇಯಿಸಿದ್ದು. ಸೇರಿನಲ್ಲಿ ಅಳೆದು ಮೇಲೊಂದು ಹಿಡಿ ಕೊಸರು ಹಾಕುತ್ತಾರೆ. ಕೊಸರು ಕೇಳದೆ ಕೊಂಡುಬಂದವರು ಪರಿಷೆಗೆ ಹೋಗಿಬಂದರು ಅಂತ ನಾನು ಒಪ್ಪುವುದಿಲ್ಲ.

ಈ ಸಲ ನಮ್ಮ ಮಹಡಿ ಮನೆಯ ಆರನೇ ಕ್ಲಾಸಿನ ಹುಡುಗ ಪರಿಷೆಯಿಂದ ಬಂದವನೇ ಒಂದು ಪ್ರಶ್ನೆ ಹಾಕಿದ. "ಅಜ್ಜಿ, ಕಡಲೆಕಾಯಿ ಬಡವರ ಬಾದಾಮಿ ಅಂತಾರಲ್ಲ, ನಿಜವಾ? ನಿಜ ಆದ್ರೆ ಅಮ್ಮ ದಿನಾ ಬಾದಾಮಿ ನೆನೆಸಿ ಕೊಡೋದು ಯಾಕೆ?" ಪಕ್ಕದಲ್ಲಿದ್ದ ಅವನ ತಾತ, "ಜಾಸ್ತಿ ತಿಂದ್ರೆ ಪಿತ್ತ ಕಣೋ" ಎಂದರು. ಮೊಮ್ಮಗನಿಗೂ ತಾತನಿಗೂ ಒಂದೇ ಉತ್ತರ ಸಾಲದು. ಅದಕ್ಕೇ ಈ ವಾರದ ಅಂಕಣ ಪೂರ್ತಿ ಕಡಲೆಕಾಯಿಗೆ.

ಮೊದಲು ಅದರ ಊರು ಯಾವುದು ನೋಡೋಣ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಯ ರೈತರು ಇಲ್ಲೆಲ್ಲ ಕಡಲೆಕಾಯಿ ಬೆಳೆಯುತ್ತಿದ್ದರು, ರಾತ್ರಿ ಬಸವ ಬಂದು ಮೇಯುತ್ತಿದ್ದ, ಆಮೇಲೆ ಮೊದಲ ಫಸಲನ್ನು ಅವನಿಗೇ ಒಪ್ಪಿಸುವ ಪದ್ಧತಿ ಬಂತು ಎಂಬ ಕಥೆಯನ್ನು ನಿಮ್ಮ ತಾತ ಹೇಳಿಯೇ ಇರುತ್ತಾರೆ. ಆದರೆ ಗಿಡದ ತವರು ಇಲ್ಲಲ್ಲ, ದಕ್ಷಿಣ ಅಮೆರಿಕ. ಹಡಗು ಹತ್ತಿ ಬಂದ ಗಿಡ ನಮ್ಮ ಕೆಂಪು ಮಣ್ಣಿಗೆ ಎಷ್ಟು ಒಗ್ಗಿತೆಂದರೆ ದೇವರ ನೈವೇದ್ಯಕ್ಕೂ ಸಂದಿತು, ಉತ್ತರ ಕರ್ನಾಟಕದಲ್ಲಿ ಶೇಂಗಾ ಎಂಬ ಇನ್ನೊಂದು ಹೆಸರನ್ನೂ ಪಡೆಯಿತು.

ಈ ಗಿಡದ ಸ್ವಭಾವವೇ ವಿಚಿತ್ರ. ಹೂವು ಬಿಡುವುದು ನೆಲದ ಮೇಲೆ. ಹೂವು ಬಾಡಿದ ಮೇಲೆ ಅದರ ಬುಡದಿಂದ ಒಂದು ಸೂಜಿಯಂಥ ಕಡ್ಡಿ ಕೆಳಗಿಳಿದು ಮಣ್ಣಿಗೆ ಚುಚ್ಚಿಕೊಳ್ಳುತ್ತದೆ. ಕಾಯಿ ಕಟ್ಟುವುದು ಮಣ್ಣಿನೊಳಗೆ. ಹೀಗಾಗಿ ಇದು ಬಾದಾಮಿ, ಗೋಡಂಬಿಯ ಬಳಗವಲ್ಲ. ತೊಗರಿ, ಅವರೆ, ಹೆಸರುಕಾಳಿನ ನೆಂಟ. ಬೇರು ಕಿತ್ತು ನೋಡಿದರೆ ಸಾಸಿವೆ ಕಾಳಿನಂಥ ಗಂಟುಗಳು ಕಾಣುತ್ತವೆ. ಅದರಲ್ಲಿ ವಾಸಿಸುವ ಬ್ಯಾಕ್ಟೀರಿಯಾ ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಸಾರಜನಕವಿಲ್ಲದೆ ಪ್ರೋಟೀನು ಆಗುವುದಿಲ್ಲ. ಬೇಳೆಕಾಳುಗಳಲ್ಲಿ ಅಕ್ಕಿಗಿಂತ ಪ್ರೋಟೀನು ಹೆಚ್ಚು ಯಾಕೆ ಅಂತ ಪರೀಕ್ಷೆಯಲ್ಲಿ ಕೇಳಿದರೆ, ಈ ಗಂಟುಗಳನ್ನು ನೆನೆಸಿಕೊಳ್ಳಿ.

ಈಗ ಸಿಪ್ಪೆ ಬಿಡಿಸೋಣ. 100 ಗ್ರಾಂ ಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನು. ಕೊಬ್ಬು ತಳಿಯ ಮೇಲೆ ಹೋಗುತ್ತದೆ, 40ರಿಂದ 49 ಗ್ರಾಂ. ಇಷ್ಟು ಎಣ್ಣೆ ಇರುವುದರಿಂದಲೇ ಗಾಣಕ್ಕೆ ಹಾಕಿ ಅರೆಯುತ್ತಾರೆ. ಉಳಿದದ್ದರಲ್ಲಿ ಹಿಟ್ಟಿನ ಅಂಶ, ನಾರು, ಖನಿಜಗಳು, ಕೆಲವು ವಿಟಮಿನ್ನುಗಳು. ಇವೆಲ್ಲ ಸೇರಿ ಕೊಡುವ ಶಕ್ತಿ 520ರಿಂದ 570 ಕ್ಯಾಲೊರಿ. ಆದರೆ 100 ಗ್ರಾಂ ಕೂತಲ್ಲೇ ಯಾರೂ ತಿನ್ನಬಾರದು. ನಮ್ಮ ಲೆಕ್ಕಕ್ಕೆ ದೊಡ್ಡವರ ಒಂದು ಹಿಡಿ ಬೀಜ, ಅಂದರೆ 30 ಗ್ರಾಂ ಇಟ್ಟುಕೊಳ್ಳೋಣ. ಅದರಲ್ಲಿ ಏಳು ಗ್ರಾಂಗೆ ಮೇಲ್ಪಟ್ಟು ಪ್ರೋಟೀನು, ನೂರೈವತ್ತು ಚಿಲ್ಲರೆ ಕ್ಯಾಲೊರಿ.

ಬಾದಾಮಿಯಲ್ಲಿ ಪ್ರೋಟೀನು ಸುಮಾರು 20 ಗ್ರಾಂ. ಅಂದರೆ ಬಡವರ ಬಾದಾಮಿಯೇ ಒಂದು ಕೈ ಮೇಲು! ನಿಯಾಸಿನ್ ಎಂಬ ಬಿ ಗುಂಪಿನ ವಿಟಮಿನ್ ಕಡಲೆಕಾಯಿಯಲ್ಲಿ ಸುಮಾರು 12 ಮಿಲಿಗ್ರಾಂ, ಬಾದಾಮಿಯಲ್ಲಿ ಅದರ ಮೂರನೇ ಒಂದು ಪಾಲು. ಫೋಲೇಟ್ ಎಂಬ ಇನ್ನೊಂದು ಬಿ ವಿಟಮಿನ್ನೂ ಕಡಲೆಕಾಯಿಯಲ್ಲೇ ಹೆಚ್ಚು. ಬಾದಾಮಿ ಗೆಲ್ಲುವ ಕಡೆಗಳೂ ಇವೆ: ವಿಟಮಿನ್ ಇ, ಮತ್ತು ಕ್ಯಾಲ್ಸಿಯಂ. ಕಡಲೆಕಾಯಿಯ ಕ್ಯಾಲ್ಸಿಯಂ 100 ಮಿಲಿಗ್ರಾಂ ಒಳಗೆ, ಬಾದಾಮಿಯದು 200ರ ಮೇಲೆ. ಆದರೆ ನಮ್ಮ ಹುಡುಗನ ತಟ್ಟೆಗೆ ಬರುವುದು ದಿನಕ್ಕೆ ಐದು ಬಾದಾಮಿ. ಐದು ಬಾದಾಮಿಯಲ್ಲಿ ಪ್ರೋಟೀನು ಒಂದು ಗ್ರಾಂ ಆಸುಪಾಸು, ಕ್ಯಾಲ್ಸಿಯಂ ಹತ್ತು ಹದಿನೈದು ಮಿಲಿಗ್ರಾಂ. ಕ್ಯಾಲ್ಸಿಯಂ ಬೇಕಾದರೆ ಬಾದಾಮಿಯ ಡಬ್ಬಿ ಯಾಕೆ? ರಾಗಿ ಡಬ್ಬಿ ತೆಗೆಯಿರಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಬಾದಾಮಿ ಕೊಡುವ ತಾಯಂದಿರಿಗೆ ನಾನು ಬೇಡವೆನ್ನುವುದಿಲ್ಲ. ಐದು ಬಾದಾಮಿ ಕೊಟ್ಟು "ಆಯ್ತು, ಪೌಷ್ಟಿಕಾಂಶ ಮುಗೀತು" ಅನ್ನುವುದಕ್ಕಷ್ಟೇ ನನ್ನ ತಕರಾರು.

ಹಾಗಂತ ಕಡಲೆಕಾಯಿಯೊಂದೇ ಸಾಕೆ? ಇಲ್ಲ. ಮಕ್ಕಳೇ, ಇಲ್ಲಿ ಸ್ವಲ್ಪ ಗಮನ ಕೊಡಿ. ಪ್ರೋಟೀನು ಅಂದರೆ ಅಕ್ಷರಗಳನ್ನು ಜೋಡಿಸಿ ಬರೆದ ಪದಗಳ ಹಾಗೆ. ಆ ಅಕ್ಷರಗಳಿಗೆ ಅಮೈನೋ ಆಮ್ಲ ಎಂದು ಹೆಸರು, ಒಟ್ಟು 20. ನಮ್ಮ ದೇಹ ಇದರಲ್ಲಿ ಹನ್ನೊಂದನ್ನು ತಾನೇ ಮಾಡಿಕೊಳ್ಳಬಲ್ಲದು. ಉಳಿದ ಒಂಬತ್ತು ಊಟದಿಂದಲೇ ಬರಬೇಕು. ಒಂದು ಅಕ್ಷರ ಕಡಿಮೆ ಬಿದ್ದರೂ ಪದ ಬರೆಯಲಾಗುವುದಿಲ್ಲ. ಉಳಿದವು ಎಷ್ಟು ರಾಶಿ ಬಿದ್ದಿದ್ದರೂ ಉಪಯೋಗವಿಲ್ಲ. ಅಕ್ಕಿಯಲ್ಲಿ ಲೈಸಿನ್ ಎಂಬ ಅಕ್ಷರ ಕಡಿಮೆ. ವಿಶೇಷವೇನೆಂದರೆ ಕಡಲೆಕಾಯಿಯಲ್ಲೂ ಲೈಸಿನ್ ಸ್ವಲ್ಪ ಕಡಿಮೆಯೇ, ತೊಗರಿ ಹೆಸರುಕಾಳಿನಷ್ಟಿಲ್ಲ. ಆದ್ದರಿಂದ ಚಿತ್ರಾನ್ನಕ್ಕೆ ಎಷ್ಟು ಕಡಲೆಕಾಯಿ ಬೀಜ ಸುರಿದರೂ ಈ ಕೊರತೆ ಪೂರ್ತಿ ತುಂಬುವುದಿಲ್ಲ. ಅದರ ಜೊತೆಗೆ ಒಂದು ಬಟ್ಟಲು ಗಟ್ಟಿ ಮೊಸರೋ ಹೆಸರುಬೇಳೆ ಕೋಸಂಬರಿಯೋ ಇದ್ದರೆ ಪದ ಪೂರ್ತಿಯಾಯಿತು. ರಾಗಿಮುದ್ದೆಗೆ ಅವರೆಕಾಳು ಸಾರು, ಅನ್ನಕ್ಕೆ ತೊವ್ವೆ, ಇಡ್ಲಿಗೆ ಅಕ್ಕಿ ಜೊತೆ ಉದ್ದು: ನಮ್ಮ ಅಡುಗೆಮನೆಯಲ್ಲಿ ಈ ಜೋಡಿಗಳು ಅಮೈನೋ ಆಮ್ಲದ ಹೆಸರು ಕೇಳುವ ಮೊದಲೇ ಇದ್ದವು.

ಕಡಲೆಕಾಯಿಗೆ ಹಾಲಿನ ಜೋಡಿಯನ್ನು ನಮ್ಮವರೇ ದೊಡ್ಡ ಪ್ರಮಾಣದಲ್ಲಿ ಕಟ್ಟಿದ್ದರು. ಮೈಸೂರಿನ ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ, ಅಂದರೆ ಸಿಎಫ್‌ಟಿಆರ್‌ಐ ಶುರುವಾಯಿತು. ಅದರ ಮೊದಲ ನಿರ್ದೇಶಕ ವಿ. ಸುಬ್ರಹ್ಮಣ್ಯನ್ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಿಂದ ಹೋದವರು. ಎಣ್ಣೆ ತೆಗೆದ ಮೇಲೆ ಉಳಿಯುವ ಕಡಲೆಕಾಯಿ ಹಿಂಡಿಯಲ್ಲಿ ಪ್ರೋಟೀನೆಲ್ಲ ಹಾಗೇ ಕೂತಿರುತ್ತದೆ. ಹಿಂಡಿ ಹೋಗುತ್ತಿದ್ದದ್ದು ದನಕ್ಕೆ, ಹೊಲದ ಗೊಬ್ಬರಕ್ಕೆ. ಇತ್ತ ಮಕ್ಕಳಿಗೆ ಹಾಲಿಗೆ ತತ್ವಾರ. ಮನುಷ್ಯರು ತಿನ್ನುವಷ್ಟು ಶುದ್ಧವಾಗಿ ಆ ಪ್ರೋಟೀನನ್ನು ತೆಗೆದು, ಹಾಲಿಗೆ ಸೇರಿಸಿ, ಇರುವ ಹಾಲನ್ನೇ ಹೆಚ್ಚು ಮಕ್ಕಳಿಗೆ ಬರುವ ಹಾಗೆ ಮಾಡಿದರು. ಅದರ ಹೆಸರು ಮಿಲ್ಟೋನ್. 1970ರ ದಶಕದಲ್ಲಿ ಬೆಂಗಳೂರು ಡೈರಿಯಲ್ಲೇ ಅದು ತಯಾರಾಗುತ್ತಿತ್ತು. ಮನೆಯಲ್ಲಿ ಅರವತ್ತು ದಾಟಿದ ಬೆಂಗಳೂರಿಗರಿದ್ದರೆ ಮಿಲ್ಟೋನ್ ಬಾಟ್ಲಿ ನೆನಪಿದೆಯಾ ಅಂತ ಕೇಳಿ ನೋಡಿ. ಹಾಲಿನಲ್ಲಿ ಲೈಸಿನ್ ಧಾರಾಳ, ಕಡಲೆಕಾಯಿಯಲ್ಲಿ ಪ್ರೋಟೀನಿನ ಪ್ರಮಾಣ ಧಾರಾಳ. ಒಂದರ ಕೊರೆಯನ್ನು ಇನ್ನೊಂದು ತುಂಬಿತು. ಆಮೇಲೆ ದೇಶದಲ್ಲಿ ಹಾಲಿನ ಉತ್ಪಾದನೆಯೇ ಹೆಚ್ಚಿತು, ಬೆಂಗಳೂರು ಮಿಲ್ಟೋನನ್ನು ಮರೆಯಿತು.

ಮೇಲೆ ನಿಯಾಸಿನ್ ಅಂದೆನಲ್ಲ, ಅದರ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ನೂರು ವರ್ಷಕ್ಕೂ ಹಿಂದೆ ಅಮೆರಿಕದ ದಕ್ಷಿಣ ಭಾಗದಲ್ಲಿ ಪೆಲ್ಲಾಗ್ರ ಎಂಬ ಕಾಯಿಲೆ ಸಾವಿರಾರು ಜನರನ್ನು ಹಿಡಿದಿತ್ತು. ಬಿಸಿಲು ಬೀಳುವ ಚರ್ಮ ಕಪ್ಪಾಗಿ ಒಡೆಯುವುದು, ಭೇದಿ, ಕೊನೆಗೆ ಬುದ್ಧಿ ಭ್ರಮಣೆ. ಅಂಟುರೋಗವೆಂದು ಎಲ್ಲರೂ ಹೆದರಿದ್ದರು. 1914ರಲ್ಲಿ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯರನ್ನು ಸರ್ಕಾರ ಕಳಿಸಿತು. ಅನಾಥಾಲಯಗಳಲ್ಲಿ, ಹುಚ್ಚಾಸ್ಪತ್ರೆಗಳಲ್ಲಿ ಕಾಯಿಲೆ ಬರುತ್ತಿದ್ದದ್ದು ಅಲ್ಲಿದ್ದವರಿಗೆ ಮಾತ್ರ, ನೋಡಿಕೊಳ್ಳುವ ಸಿಬ್ಬಂದಿಗೆ ಬರುತ್ತಿರಲಿಲ್ಲ. ಅಂಟುವ ರೋಗಕ್ಕೆ ಇವರು ಬೇರೆ, ಅವರು ಬೇರೆ ಎಂಬ ಭೇದ ಇದೆಯೇ? ವ್ಯತ್ಯಾಸ ಇದ್ದದ್ದು ಊಟದಲ್ಲಿ. ಒಳಗಿನವರಿಗೆ ಮುಸುಕಿನ ಜೋಳವೇ ಮುಖ್ಯ ಊಟ. ಗೋಲ್ಡ್‌ಬರ್ಗರ್ ಅನಾಥಾಲಯದ ಮಕ್ಕಳಿಗೆ ಹಾಲು, ಮೊಟ್ಟೆ, ಮಾಂಸ, ಕಾಳು ಕೊಡಿಸಿದರು, ಕಾಯಿಲೆ ಹೋಯಿತು. ಜನ ನಂಬಲಿಲ್ಲ. ಇದು ಅಂಟುವುದಿಲ್ಲ ಎಂದು ತೋರಿಸಲು ರೋಗಿಗಳ ರಕ್ತವನ್ನು ತಮಗೇ ಚುಚ್ಚಿಸಿಕೊಂಡರು. ಅವರು 1929ರಲ್ಲಿ ತೀರಿಕೊಂಡರು. ಊಟದಲ್ಲಿ ಇಲ್ಲದ ವಸ್ತು ನಿಯಾಸಿನ್ ಎಂದು ಗೊತ್ತಾದದ್ದು 1937ರಲ್ಲಿ.

ಇದು ದೂರದ ಕಥೆಯಲ್ಲ. ನಮ್ಮ ದಖ್ಖನ್ ಪ್ರಸ್ಥಭೂಮಿಯಲ್ಲಿ ಬರೀ ಬಿಳಿಜೋಳ ತಿಂದು ಬದುಕುತ್ತಿದ್ದ ಬಡವರಲ್ಲೂ ಪೆಲ್ಲಾಗ್ರ ಇತ್ತು. ಹೈದರಾಬಾದಿನ ಪ್ರಯೋಗಾಲಯದಲ್ಲಿ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಇದನ್ನು ಅಭ್ಯಾಸ ಮಾಡಿ, ಜೋಳದಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲ ಅತಿಯಾಗಿರುವುದು ಕಾರಣವಿರಬಹುದೆಂದು 1960ರಲ್ಲಿ ಬರೆದರು. ಗಮನಿಸಿ, ತಪ್ಪು ಜೋಳದ್ದಲ್ಲ. ಜೋಳ ಬಿಟ್ಟು ಬೇರೇನೂ ಸಿಗದ ಬಡತನದ್ದು. ಜೋಳದ ರೊಟ್ಟಿಗೆ ಶೇಂಗಾ ಚಟ್ನಿಪುಡಿ, ಮೊಸರು, ಕಾಳುಪಲ್ಯ, ಹಸಿ ಸೊಪ್ಪು ಇಟ್ಟುಕೊಂಡು ಉಣ್ಣುವ ಮನೆಗೆ ಆ ಕಾಯಿಲೆಯ ಭಯವಿಲ್ಲ.

ಈಗ ತಾತ ಅಜ್ಜಿಯರ ವಿಷಯಕ್ಕೆ ಬರುತ್ತೇನೆ. ಈ ಅಂಕಣ ಬರೆಯಲು ಕೂತದ್ದೇ ಮುಖ್ಯವಾಗಿ ಇದಕ್ಕೆ.

ನಮ್ಮ ಬೀದಿಯಲ್ಲೇ ನನ್ನ ಹಳೆಯ ಗೆಳತಿಯೊಬ್ಬರಿದ್ದಾರೆ. ವಯಸ್ಸು 76, ತೂಕ 50 ಕಿಲೋ. ಮಕ್ಕಳು ಹೊರದೇಶದಲ್ಲಿ, ಮನೆಯಲ್ಲಿ ಒಬ್ಬರೇ. ಈಚೆಗೆ ಕುರ್ಚಿಯಿಂದ ಏಳಲು ಎರಡು ಕೈ ಊರಬೇಕು, ದೇವಸ್ಥಾನದ ಮೆಟ್ಟಿಲು ಬೇಡವಾಗಿದೆ. "ವಯಸ್ಸಾಯ್ತಲ್ರೀ, ಇನ್ನೇನು" ಅನ್ನುತ್ತಾರೆ. ಏನು ತಿನ್ನುತ್ತೀರಿ ಅಂತ ಒಂದು ದಿನ ಕೂರಿಸಿಕೊಂಡು ಬರೆದೆ. ಎರಡು ಹೊತ್ತು ಕಾಫಿ, ಅದರ ಹಾಲಿನಿಂದ 5 ಗ್ರಾಂ ಪ್ರೋಟೀನು. ಬೆಳಗ್ಗೆ ಎರಡು ಇಡ್ಲಿ, 4. ಮಧ್ಯಾಹ್ನ ಅನ್ನ, 6. ತಿಳಿಸಾರು, ಹೆಚ್ಚೆಂದರೆ 2. ನೀರು ಮಜ್ಜಿಗೆ, 2. ಸಂಜೆ ಎರಡು ಬಿಸ್ಕತ್ತು, 1. ರಾತ್ರಿ "ಒಬ್ಬಳಿಗೆ ಏನು ಮಾಡ್ಕೊಳ್ಳೋದು" ಅಂತ ಒಂದು ಲೋಟ ಹಾಲು, ಒಂದು ಬಾಳೆಹಣ್ಣು, 7. ಕೂಡಿಸಿದರೆ 27 ಗ್ರಾಂ.

ಬೇಕಾದದ್ದು ಎಷ್ಟು? ನಮ್ಮ ದೇಶದ ಶಿಫಾರಸಿನ ಪ್ರಕಾರ ದೇಹದ ಒಂದೊಂದು ಕಿಲೋ ತೂಕಕ್ಕೆ 0.83 ಗ್ರಾಂ. ಗೆಳತಿಯ ತೂಕಕ್ಕೆ 42 ಗ್ರಾಂ ಆಗುತ್ತದೆ. ವಯಸ್ಸಾದವರಿಗೆ ಕಿಲೋಗೆ ಒಂದು ಗ್ರಾಂ ಇದ್ದರೆ ಒಳ್ಳೆಯದು ಎನ್ನುವ ತಜ್ಞರೂ ಇದ್ದಾರೆ, ಆಗ 50. ಹೊಟ್ಟೆ ತುಂಬಿದೆ, ಹಸಿವಿಲ್ಲ, ಆದರೂ ದಿನವೂ 15 ಗ್ರಾಂ ಸಾಲ. ವಯಸ್ಸಾದಂತೆ ಎಲ್ಲರ ಸ್ನಾಯುವೂ ಸವೆಯುತ್ತದೆ. ಸವೆತವನ್ನು ತುಂಬುವ ಸಾಮಾನೇ ಬರದಿದ್ದರೆ ಇನ್ನೂ ಬೇಗ ಸವೆಯುತ್ತದೆ. ಕಾಲಿನ ಸ್ನಾಯು ಸೋತರೆ ಬಚ್ಚಲಲ್ಲಿ ಜಾರಿದಾಗ ತಡೆದು ನಿಲ್ಲಲು ಆಗುವುದಿಲ್ಲ. ಎಷ್ಟು ಮನೆಗಳಲ್ಲಿ ಸೊಂಟದ ಮೂಳೆ ಮುರಿದ ದಿನದಿಂದ ಅಜ್ಜಿ ಹಾಸಿಗೆ ಹಿಡಿದರು ಎಂಬುದು ನಿಮಗೆ ಗೊತ್ತು. "ವಯಸ್ಸಾಯ್ತಲ್ರೀ" ಎಂಬ ಮಾತಿನಲ್ಲಿ ಎಷ್ಟು ಭಾಗ ವಯಸ್ಸು, ಎಷ್ಟು ಭಾಗ ತಿಳಿಸಾರು ಅಂತ ಯಾರಾದರೂ ಕೇಳಬೇಕಲ್ಲ.

ತುಂಬುವುದು ಕಷ್ಟವಿಲ್ಲ. ತಿಳಿಸಾರಿನ ಜೊತೆಗೆ ಒಂದು ಬಟ್ಟಲು ಗಟ್ಟಿ ತೊವ್ವೆ, 6 ಗ್ರಾಂ. ನೀರು ಮಜ್ಜಿಗೆಯ ಬದಲು ಒಂದು ಬಟ್ಟಲು ಮೊಸರು, ಇನ್ನೊಂದು 3. ಸಂಜೆ ಬಿಸ್ಕತ್ತಿನ ಜಾಗಕ್ಕೆ ಒಂದು ಹಿಡಿ ಕಡಲೆಕಾಯಿ ಬೀಜ, 7. ಸಾಲ ತೀರಿತು. "ಹಲ್ಲಿಲ್ಲವಲ್ರೀ" ಅಂದರು. ಹಲ್ಲಿಲ್ಲದಿದ್ದರೆ ಕುಕ್ಕರಿನಲ್ಲಿ ಉಪ್ಪು ಹಾಕಿ ಮೆತ್ತಗೆ ಬೇಯಿಸಿದ ಕಡಲೆಕಾಯಿ, ಇಲ್ಲವೇ ಹುರಿದು ಪುಡಿ ಮಾಡಿ ಚಟ್ನಿಪುಡಿ, ಪಲ್ಯಕ್ಕೆ ಉದುರಿಸಿಕೊಳ್ಳಿ. ಪಿತ್ತ ಎಂದ ತಾತನಿಗೂ ನನ್ನ ಉತ್ತರ ಇದೇ: ಇಷ್ಟೊಂದು ಎಣ್ಣೆ ಇರುವ ಪದಾರ್ಥವನ್ನು ಪರಿಷೆಯ ದಿನ ಅರ್ಧ ಸೇರು ತಿಂದರೆ ಹೊಟ್ಟೆ ತೊಳಸದೆ ಇರುತ್ತದೆಯೇ? ಒಂದು ಹಿಡಿ, ಬೇಯಿಸಿದ್ದು, ನಿಧಾನವಾಗಿ ಅಗಿದು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಪ್ರೋಟೀನು ಹೆಚ್ಚಿಸುವ ಮೊದಲು ತಮ್ಮ ಡಾಕ್ಟರನ್ನು ಕೇಳಲೇಬೇಕು.

ಮಕ್ಕಳ ಸಾಲ ಬೇರೆ, ಅದು ಕಬ್ಬಿಣದ್ದು. ರಕ್ತದ ಕೆಂಪುಕಣ ಉಸಿರಿನ ಆಮ್ಲಜನಕವನ್ನು ಹೊರಲು ಕಬ್ಬಿಣ ಬೇಕು. ಹತ್ತರಿಂದ ಹನ್ನೆರಡು ವರ್ಷದ ಹುಡುಗನಿಗೆ ದಿನಕ್ಕೆ 16 ಮಿಲಿಗ್ರಾಂ, ಅದೇ ವಯಸ್ಸಿನ ಹುಡುಗಿಗೆ 28 ಎಂದು ನಮ್ಮ ದೇಶದ ಶಿಫಾರಸು. ಹುಡುಗಿಗೇ ಹೆಚ್ಚು ಎಂಬುದನ್ನು ಬಡಿಸುವವರು ಗಮನಿಸಬೇಕು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಕಂಡಿತ್ತು. ಎರಡನೇ ಪಿರಿಯಡ್ಡಿಗೇ ತೂಕಡಿಸುವ ಹುಡುಗಿಗೆ ಸೋಮಾರಿ ಅನ್ನುವ ಮೊದಲು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ.

ಕಡಲೆಕಾಯಿಯಲ್ಲಿ ಕಬ್ಬಿಣ 100 ಗ್ರಾಂಗೆ ಮೂರು ನಾಲ್ಕು ಮಿಲಿಗ್ರಾಂ ಇದೆ. ಆದರೆ ಕಾಳುಗಳಲ್ಲಿರುವ ಫೈಟೇಟ್ ಎಂಬ ವಸ್ತು ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ದೇಹಕ್ಕೆ ಸೇರುವುದು ಸ್ವಲ್ಪ ಮಾತ್ರ. ಹಿಡಿತ ಸಡಿಲಿಸುವುದು ವಿಟಮಿನ್ ಸಿ. ಕಡಲೆಕಾಯಿಯಲ್ಲಿ ಅದು ಇಲ್ಲವೇ ಇಲ್ಲ. ಎಲ್ಲಿದೆ? ಅದೇ ಕಾರ್ತಿಕದಲ್ಲಿ ತುಳಸಿ ಹಬ್ಬಕ್ಕೆ ಕಟ್ಟೆಯಲ್ಲಿ ನೆಟ್ಟ ಬೆಟ್ಟದ ನೆಲ್ಲಿಯ ಕೊಂಬೆಯಲ್ಲಿ! ನೆಲ್ಲಿಕಾಯಿ, ಸೀಬೆಹಣ್ಣು, ಊಟದ ಹೊತ್ತಿಗೆ ಹಿಂಡಿದ ನಿಂಬೆರಸ, ಯಾವುದಾದರೂ ಆದೀತು. ಬೇಯಿಸಿದ ಕಡಲೆಕಾಯಿ ಬೀಜಕ್ಕೆ ಈರುಳ್ಳಿ, ಕೊತ್ತಂಬರಿ ಹೆಚ್ಚಿ ಹಾಕಿ ನಿಂಬೆಹಣ್ಣು ಹಿಂಡಿ. ನಿಂಬೆಯನ್ನು ಒಲೆಯ ಮೇಲಿರುವಾಗ ಹಿಂಡಬೇಡಿ, ಬಿಸಿಗೆ ಈ ವಿಟಮಿನ್ ಹಾಳಾಗುತ್ತದೆ.

ಕಬ್ಬಿಣಕ್ಕೆ ಅಡ್ಡಗಾಲು ಹಾಕುವವರೂ ಇದ್ದಾರೆ. ನನಗೂ ಹೇಳಲು ಸಂಕಟ, ಅದು ನಮ್ಮ ಫಿಲ್ಟರ್ ಕಾಫಿ. ಊಟದ ಜೊತೆ ಕಾಫಿ ಕುಡಿದರೆ ಕಬ್ಬಿಣ ಸೇರುವುದು ಶೇ. 39ರಷ್ಟು ತಗ್ಗಿತೆಂದು 1983ರ ಒಂದು ಅಧ್ಯಯನ ತೋರಿಸಿತು. ಟೀ ಇನ್ನೂ ಹೆಚ್ಚು ತಗ್ಗಿಸಿತು. ಊಟಕ್ಕೆ ಒಂದು ಗಂಟೆ ಮುಂಚೆ ಕುಡಿದಾಗ ತೊಂದರೆಯಿರಲಿಲ್ಲ. ಕಾಫಿ ಬಿಡಿ ಅಂತ ಎನ್.ಆರ್. ಕಾಲೋನಿಯಲ್ಲಿ ಕೂತು ಬರೆಯುವ ಧೈರ್ಯ ನನಗಿಲ್ಲ. ಇಡ್ಲಿ ತಟ್ಟೆಯ ಪಕ್ಕದಲ್ಲೇ ಲೋಟ ಬೇಡ, ಅಷ್ಟೇ.

ಕಡಲೆಕಾಯಿಯಲ್ಲಿ ಇಲ್ಲದ್ದು ಇನ್ನೂ ಎರಡಿವೆ. ಕಣ್ಣಿಗೆ ಬೇಕಾದ ವಿಟಮಿನ್ ಎ ಇಲ್ಲ. ಅದಕ್ಕೆ ನುಗ್ಗೆ ಸೊಪ್ಪು, ಪರಂಗಿಹಣ್ಣು, ಕ್ಯಾರೆಟ್ಟು. ಅದು ದೇಹಕ್ಕೆ ಸೇರಲು ಸ್ವಲ್ಪ ಎಣ್ಣೆ ಬೇಕು, ಆ ಎಣ್ಣೆಯನ್ನು ಕಡಲೆಕಾಯಿಯೇ ಕೊಡುತ್ತದೆ. ಇನ್ನೊಂದು ವಿಟಮಿನ್ ಬಿ12. ಇದು ಕಡಲೆಕಾಯಿಯಲ್ಲಷ್ಟೇ ಅಲ್ಲ, ಬೇಳೆ, ತರಕಾರಿ, ಹಣ್ಣು ಯಾವುದರಿಂದಲೂ ಸಿಗುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸ ಇವುಗಳಲ್ಲಿ ಮಾತ್ರ. ಸರ್ಕಾರಿ ಶಾಲೆಗಳಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣನ್ನೋ ಶೇಂಗಾ ಚಿಕ್ಕಿಯನ್ನೋ ಕೊಟ್ಟದ್ದುಂಟು. ಚಿಕ್ಕಿ ಒಳ್ಳೆಯ ತಿಂಡಿ, ಆದರೆ ಬಿ12 ವಿಷಯದಲ್ಲಿ ಅದು ಮೊಟ್ಟೆಗೆ ಸಮವಲ್ಲ. ಅಲ್ಲಿ ಮಗುವಿನ ನೆರವಿಗೆ ಬರುವುದು 2013ರಿಂದ ಕ್ಷೀರಭಾಗ್ಯದಲ್ಲಿ ಕೊಡುವ ಲೋಟ ಹಾಲು. ವಯಸ್ಸಾದವರಲ್ಲಿ ಹೊಟ್ಟೆಯ ಆಮ್ಲ ತಗ್ಗಿ, ತಿಂದದ್ದರಲ್ಲಿರುವ ಬಿ12 ಕೂಡ ಸರಿಯಾಗಿ ಸೇರದೆ ಹೋಗಬಹುದು. ಪಾದ ಜುಮುಜುಮು ಅನ್ನುವುದು, ನಡೆಯುವಾಗ ತೂಗಾಡುವುದು, ಮರೆವು ಹೆಚ್ಚುವುದು ಇದ್ದರೆ ಡಾಕ್ಟರ ಹತ್ತಿರ ಹೇಳಿ ಬಿ12 ನೋಡಿಸಿಕೊಳ್ಳಿ. ಬೇಗ ತಿಳಿದರೆ ಔಷಧಿ ಸುಲಭ, ಬಹಳ ತಡವಾದರೆ ನರಕ್ಕೆ ಆದ ಹಾನಿ ಪೂರ್ತಿ ಸರಿಹೋಗದೆ ಉಳಿಯಬಹುದು.

ಪರಿಷೆಯಿಂದ ತಂದ ಚೀಲ ಇನ್ನೂ ಹಜಾರದಲ್ಲೇ ಇದ್ದರೆ ಇವತ್ತೇ ಬಿಚ್ಚಿ. ಹಸಿ ಕಾಯಿ ಚೀಲದಲ್ಲಿ ಬೆವೆತು ಬೂಷ್ಟು ಹಿಡಿಯುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತವು. ಹುಡುಕಿದಾಗ ಅವಕ್ಕೆ ಹಾಕಿದ್ದ ಕಡಲೆಕಾಯಿ ಹಿಂಡಿಯ ಬೂಷ್ಟಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಸಿಕ್ಕಿತು. ಪಿತ್ತಜನಕಾಂಗವನ್ನು ಕೆಡಿಸುವ ಈ ವಿಷ ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಹಸಿ ಕಾಯನ್ನು ಒಂದೆರಡು ದಿನದಲ್ಲಿ ಬೇಯಿಸಿ ಮುಗಿಸಿ, ಉಳಿದದ್ದನ್ನು ಬಿಸಿಲಿಗೆ ಹರಡಿ, ಅಲ್ಲಾಡಿಸಿದರೆ ಬೀಜ ಗಲಗಲ ಅನ್ನುವವರೆಗೆ ಒಣಗಿಸಿ. ಸುಕ್ಕಿದ್ದು, ಕಪ್ಪಾದದ್ದು, ಹಸಿರು ಪುಡಿ ಹಿಡಿದದ್ದನ್ನು ಆರಿಸಿ ಎಸೆಯಿರಿ. ಬಾಯಿಗೆ ಹಾಕಿದ್ದು ಕಹಿಯಾದರೆ ಮಕ್ಕಳೇ, ಮರ್ಯಾದೆ ನೋಡದೆ ಉಗಿಯಿರಿ. ನಾಲ್ಕು ವರ್ಷದೊಳಗಿನ ತಮ್ಮ ತಂಗಿಯರ ಕೈಗೆ ಇಡೀ ಬೀಜ ಕೊಡಬೇಡಿ, ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತದೆ. ಕಡಲೆಕಾಯಿ ತಿಂದರೆ ಮೈ ಕೆರೆದು ತುಟಿ ಊದುವ ಗೆಳೆಯರಿಗೂ "ಒಂದೇ ಒಂದು ತಿನ್ನೋ" ಅಂತ ಬಲವಂತ ಮಾಡಬೇಡಿ. ಬಿಡಿಸಿದ ಸಿಪ್ಪೆಯನ್ನು ಅಜ್ಜಿಯ ದಾಸವಾಳದ ಬುಡಕ್ಕೆ ಹಾಕಿ.